ಹೊಸ ಗ್ಲೌಸಿನ ವಿರುದ್ಧ ಒಬ್ಬ ಹಳೆಯ ಗೋಲ್‌ಕೀಪರ್

ದೇವರು ಮನುಷ್ಯನ ಕೈಬೆರಳುಗಳನ್ನು ನೇರವಾಗಿಯೇ ಮಾಡಿ ಕಳಿಸುತ್ತಾನೆ. ಅವು ಕಡೆಯವರೆಗೂ ಹಾಗೆಯೇ ಇರಬೇಕೆಂದು ಎಲ್ಲೂ ಕರಾರಿಲ್ಲ. ನನ್ನ ಬಲಗೈಯ ಕಿರುಬೆರಳು ಹೊರಗೆ ನೋಡುತ್ತದೆ, ಅದರ ಪಕ್ಕದ್ದು ಒಳಗೆ ನೋಡುತ್ತದೆ, ಎಡಗೈಯ ಹೆಬ್ಬೆರಳು ಯಾವ ಕಡೆ ನೋಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಬ್ಯಾಂಕಿನಲ್ಲಿ ಮೊದಲ ಸಲ ನನ್ನ ಕೈಕುಲುಕಿದ ಗ್ರಾಹಕರು ಸಾಲದ ವಿಷಯ ಮರೆತು ಸಂಧಿವಾತದ ಔಷಧಿ ಹೇಳಲು ಶುರು ಮಾಡುತ್ತಾರೆ. ನಾನೀಗ ಕೆಲಸ ಮಾಡುವ ವಿಜಯವಾಡದ ಜನ ಔಷಧಿ ಹೇಳುವುದರಲ್ಲಿ ಬಹಳ ಧಾರಾಳಿಗಳು. ಇದು ವಾತವಲ್ಲ ಸ್ವಾಮಿ, ಫುಟ್‌ಬಾಲು, ನಾನು ಗೋಲ್‌ಕೀಪರ್ ಎಂದರೆ ಅವರ ಕನಿಕರ ಇನ್ನಷ್ಟು ಹೆಚ್ಚಾಗುತ್ತದೆ. ನನಗೆ ಯಾರ ಕನಿಕರವೂ ಬೇಡ. ಈ ಬೆರಳುಗಳನ್ನು ನಾನು ಕಷ್ಟಪಟ್ಟು ಸಂಪಾದಿಸಿದ್ದೇನೆ.

ನಾನು ಬೆಳಗಾವಿಯವನು. ನಮ್ಮ ಕಾಲದಲ್ಲಿ ಗೋಲ್‌ಕೀಪರನ ಗ್ಲೌಸು ಎಂದರೆ ಅವನ ಅಂಗೈಯ ಚರ್ಮ. ಎಂಜಲು ಉಗುಳಿಕೊಂಡು ಕೆಂಪು ಮಣ್ಣು ತಿಕ್ಕಿದರೆ ಸಿದ್ಧತೆ ಮುಗಿಯಿತು. ಮಳೆಗಾಲದಲ್ಲಿ ಚೆಂಡು ಜಾರುತ್ತದೆ ಎಂದು ಗೋಳಾಡಿದ್ದಕ್ಕೆ ನಮ್ಮ ಮೌಶಿ, ಅಂದರೆ ಅವ್ವನ ತಂಗಿ, ಯಾವುದೋ ಕೂಸಿನ ಟೊಪ್ಪಿಗೆ ಹೆಣೆದು ಉಳಿದಿದ್ದ ಉಣ್ಣೆಯಲ್ಲಿ ನನಗೊಂದು ಜೊತೆ ಗ್ಲೌಸು ಹೆಣೆದುಕೊಟ್ಟಳು. ಕಡೆಗೆ ನೂಲು ಸಾಲದೆ ಒಂದು ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಮಳೆಯಲ್ಲಿ ಅದು ನೀರು ಕುಡಿದು ಎಷ್ಟು ಭಾರವಾಗುತ್ತಿತ್ತೆಂದರೆ, ಮೇಲೆ ಬಂದ ಚೆಂಡಿಗೆ ಕೈಯೆತ್ತುವಷ್ಟರಲ್ಲಿ ಚೆಂಡು ಬಲೆಯೊಳಗೆ ಇರುತ್ತಿತ್ತು. ಜರ್ಸಿ ಎಂದರೆ ಅಕ್ಕನ ಶಾಲೆಯ ಹಸಿರು ಸ್ವೆಟರು. ಮೊಳಕೈ ಒಡೆಯದಿರಲಿ ಎಂದು ಅವ್ವ ಅದರ ತೋಳಿಗೆ ಹಳೆಯ ಕೌದಿಯ ತುಂಡು ಹೊಲಿದಿದ್ದಳು. ಚಡ್ಡಿಯ ಎರಡೂ ಮಗ್ಗುಲಿಗೂ ಕೌದಿ. ನಾನು ಹಾರಿ ಬಿದ್ದರೆ ಹಾಸಿಗೆ ಸಮೇತ ಬಿದ್ದಂತೆ ಇರುತ್ತಿತ್ತು. ಹಾಗೆ ಬಿದ್ದು ಎದ್ದವನ ಮುಂದೆ ಇವತ್ತಿನವರು ಬಂದು ಸುರಕ್ಷತೆಯ ಪಾಠ ಹೇಳುತ್ತಾರೆ.

ಮುಂದೆ ಬ್ಯಾಂಕು ಸೇರಿ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಾಗ ನನ್ನ ಕೈಗಳಿಗೆ ಒಳ್ಳೆಯ ಕಾಲ ಬಂತು. ನಮ್ಮ ಶಾಖೆ ಬಂದರಿನ ಹತ್ತಿರವಿತ್ತು. ಅಲ್ಲಿ ಸರಕು ಎತ್ತಿ ಇಳಿಸುವವರು ಬಿಳಿ ಹತ್ತಿಯ ಗ್ಲೌಸು ಹಾಕುತ್ತಿದ್ದರು, ಅಂಗೈ ತುಂಬ ನೀಲಿ ರಬ್ಬರಿನ ಚುಕ್ಕಿ. ನೋಡಿದ ಕೂಡಲೇ ಒಂದು ಜೊತೆ ಕೊಂಡೆ. ಹಡಗಿನ ಸರಕು ಹಿಡಿಯುವುದಕ್ಕೆ ಸಾಕಾದದ್ದು ಒಂದು ಚೆಂಡು ಹಿಡಿಯುವುದಕ್ಕೆ ಸಾಲದೇ? ಧಾರಾಳವಾಗಿ ಸಾಕಾಯಿತು. ನಮ್ಮ ಬ್ಯಾಂಕಿನ ವಿಶಾಖಪಟ್ಟಣದವರಿಗೂ ವಿಜಯವಾಡದವರಿಗೂ ವರ್ಷಕ್ಕೊಮ್ಮೆ ಫುಟ್‌ಬಾಲ್ ಪಂದ್ಯ ನಡೆಯುತ್ತದೆ. ಅಲ್ಲಿದ್ದಾಗ ಆ ಕಡೆಯ ಗೋಲಿನಲ್ಲಿ, ವಿಜಯವಾಡಕ್ಕೆ ವರ್ಗವಾದ ಮೇಲೆ ಈ ಕಡೆಯ ಗೋಲಿನಲ್ಲಿ ಅದೇ ಚುಕ್ಕಿ ಗ್ಲೌಸು ಹಾಕಿ ನಿಂತಿದ್ದೇನೆ. ಚುಕ್ಕಿಗಳು ಒಂದೊಂದಾಗಿ ಉದುರಿದವು, ನಾನು ಮಾತ್ರ ಉದುರಲಿಲ್ಲ.

ಈ ವರ್ಷ ನಮ್ಮ ಶಾಖೆಗೆ ಶಿವಮೊಗ್ಗದ ನಿಖಿಲ್ ಎಂಬ ಹೊಸ ಆಫೀಸರ್ ಬಂದ. ಒಳ್ಳೆಯ ಹುಡುಗ, ಅದೇ ತೊಂದರೆ. ಅವನೂ ಗೋಲ್‌ಕೀಪರ್. ಅವನ ಗ್ಲೌಸಿಗೆ ಗಾಳಿಯಾಡುವ ಬೇರೆ ಚೀಲವಿದೆ. ಬೆರಳು ಹಿಂದಕ್ಕೆ ಬಾಗದಿರಲಿ ಎಂದು ಒಳಗೆ ಪ್ಲಾಸ್ಟಿಕ್ಕಿನ ಎಲುಬುಗಳಿವೆ. ಆಟಕ್ಕೆ ಮೊದಲು ಬಾಟಲಿಯಿಂದ ನೀರು ಚಿಮುಕಿಸಿ ಅಂಗೈ ಒದ್ದೆ ಮಾಡುತ್ತಾನೆ, ಆಟ ಮುಗಿದ ಮೇಲೆ ಅದಕ್ಕೆಂದೇ ಇರುವ ಶಾಂಪೂ ಹಾಕಿ ತೊಳೆಯುತ್ತಾನೆ. ನಾನು ತಲೆಗೇ ಶಾಂಪೂ ಹಾಕುವುದಿಲ್ಲ, ಹಾಕುವಷ್ಟು ಅಲ್ಲಿ ಏನೂ ಉಳಿದಿಲ್ಲ ಎಂಬುದು ಬೇರೆ ಮಾತು. ಅವನ ಜರ್ಸಿಯ ಬಣ್ಣವೋ, ರಸ್ತೆ ಕೆಲಸದವರು ಲಾರಿಗಳಿಗೆ ಕಾಣಲಿ ಎಂದು ಹಾಕಿಕೊಳ್ಳುವ ಕೋಟಿನದು. ನಮ್ಮ ಕಾಲದ ಗೋಲ್‌ಕೀಪರನ ಒಂದೇ ಆಸೆ ಯಾರ ಕಣ್ಣಿಗೂ ಬೀಳದಿರುವುದು, ಅದರಲ್ಲೂ ಗೋಲು ಬಿಟ್ಟ ಮೇಲೆ.

ತಂಡ ನೋಡಿಕೊಳ್ಳುವವರು ಪ್ರಸಾದ್ ಗಾರು, ನಮ್ಮ ಹಿರಿಯ ಮ್ಯಾನೇಜರು. ಅವರು ಒಂದು ದಿನ ನನ್ನ ಮೇಜಿನ ಮುಂದೆ ಕೂತು, ಕಾಫಿ ತರಿಸಿ, ಮಾತಿಗೊಂದು ಮರ್ಯಾದೆಯ ಅಂಡಿ ಹಚ್ಚಿ, ನೀವು ಪೆದ್ದವಾಳ್ಳು, ಹಿರಿಯರು, ಈ ಸಲ ಮೈದಾನದ ಅಂಚಿನಲ್ಲಿ ನಿಮಗೊಂದು ಖುರ್ಚಿ ಹಾಕಿಸುತ್ತೇನೆ, ಟೀಮ್ ಮ್ಯಾನೇಜರ್ ಆಗಿ ಕೂತುಬಿಡಿ ಎಂದರು. ತೆಲುಗಿನವರು ಮರ್ಯಾದೆ ಕೊಟ್ಟೇ ಮನುಷ್ಯನನ್ನು ಮುಗಿಸಬಲ್ಲರು. ನನಗೆ ಮೈ ಉರಿಯಿತು. ಖುರ್ಚಿಯಲ್ಲಿ ಕೂತೇ ನನ್ನ ನೌಕರಿ ಕಳೆದಿದೆ. ವರ್ಷಕ್ಕೊಂದು ದಿನ ನಿಲ್ಲುತ್ತೇನೆ, ಅದಕ್ಕೂ ಖುರ್ಚಿಯೇ? ಆಗುವುದಿಲ್ಲ ಎಂದೆ. ಅವರು ಮೆತ್ತಗೆ ಇನ್ನೊಂದು ಬಾಣ ತೆಗೆದರು. ಈ ವರ್ಷದಿಂದ ಗೋಲ್‌ಕೀಪರ್ ಸರಿಯಾದ ಗೋಲ್‌ಕೀಪರ್ ಗ್ಲೌಸನ್ನೇ ಹಾಕಬೇಕೆಂದು ಎರಡೂ ಕಡೆಯವರು ನಿಯಮ ಮಾಡಿದ್ದಾರಂತೆ, ಗೋದಾಮಿನ ಗ್ಲೌಸು ನಡೆಯುವುದಿಲ್ಲವಂತೆ. ಗ್ಲೌಸು ತಂದರೆ ನಾನೇ ತಾನೇ ಎಂದು ಕೇಳಿದೆ. ಅವರು ಬೇರೆ ದಾರಿಯಿಲ್ಲದೆ ತಲೆಯಾಡಿಸಿದರು.

ಮನೆಯಲ್ಲಿ ಹೇಳಿದರೆ ಹೆಂಡತಿ ಸುಧಾ ಪ್ರಸಾದ್ ಗಾರು ಅವರ ಕಡೆಗೇ ನಿಂತಳು. "ಮಂದಿ ಮರ್ಯಾದಿಂದ ಖುರ್ಚಿ ಕೊಡ್ತೀವಿ ಅಂತಾರ, ಸುಮ್ನ ಕುಂಡ್ರಾಕ ಏನ್ ಬ್ಯಾನಿ ಆಗೇತಿ ನಿಮಗ?" ಎಂದಳು. ಕಾಲೇಜಿನಲ್ಲಿರುವ ಮಗಳು ಅನಘಾ ಇಲ್ಲೇ ಬೆಳೆದವಳು. ಅವಳ ಕನ್ನಡ ಊಟ ತಿಂಡಿಗೆ ಸಾಕಾಗುತ್ತದೆ, ಜಗಳಕ್ಕೆ ತೆಲುಗೇ ಬೇಕು. ಅವಳು ತೆಲುಗಿನಲ್ಲಿ ನನ್ನ ವಯಸ್ಸಿನ ಬಗ್ಗೆ ದೀರ್ಘವಾಗಿ ಮಾತಾಡಿದಳು. ನಾನು ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಒನ್ ಟೌನ್ ಪೇಟೆಗೆ ಹೊರಟೆ.

ಒನ್ ಟೌನಿನ ಸಗಟು ಅಂಗಡಿಗಳಲ್ಲಿ ಕೈಗೆ ಹಾಕುವ ಗ್ಲೌಸಿಗೆ ಬರವೇನಿಲ್ಲ. ವೆಲ್ಡಿಂಗಿನವರದು, ಕರೆಂಟಿನವರದು, ಪಾತ್ರೆ ತೊಳೆಯುವವರದು, ಎಲ್ಲ ಡಜನ್ ಲೆಕ್ಕದಲ್ಲಿ. ಒಬ್ಬ ವ್ಯಾಪಾರಿ ನಾನು ಯಾವ ಕೆಲಸ ಮಾಡುತ್ತೇನೆಂದು ವಿಚಾರಿಸಿದ. ಬರುವ ಚೆಂಡನ್ನು ತಡೆಯುತ್ತೇನೆ ಎಂದೆ. ಅವನು ನನ್ನ ತಲೆಯನ್ನೂ ಹೊಟ್ಟೆಯನ್ನೂ ನೋಡಿ, ಕನ್ನಡಕವನ್ನೂ ನೋಡಿ, ಮೂರು ಗಲ್ಲಿ ಆಚೆಯ ಆಟದ ಸಾಮಾನಿನ ಅಂಗಡಿಗೆ ಕಳಿಸಿದ. ಅಲ್ಲಿ ಸಿಕ್ಕಿತು. ಗಿಳಿಹಸಿರು ಬಣ್ಣ, ಮಣಿಕಟ್ಟಿಗೆ ಅಗಲವಾದ ಪಟ್ಟಿ, ಒಳಗೆ ಎಲುಬು. ಹಾಕಿಕೊಂಡರೆ ಕೈಗಳು ನನ್ನವಲ್ಲ, ಯಾವುದೋ ದೊಡ್ಡ ಪ್ರಾಣಿಯವು ಅನ್ನಿಸಿತು. ಅಂಗೈಯ ಮೇಲೆ ಕನ್ನಡಿಯಂತೆ ಹೊಳೆಯುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಆ ಒಂದು ವಿಷಯದಲ್ಲಿ ಮಾತ್ರ ಕಂಪನಿಯವರ ವಿವೇಕವನ್ನು ಮೆಚ್ಚಿದೆ.

ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ತೆಗೆಯುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ನಮ್ಮ ಟಿವಿಯ ರಿಮೋಟು ಇವತ್ತಿಗೂ ತನ್ನ ಕವರಿನೊಳಗೇ ಇದೆ, ಗುಂಡಿಗಳ ಹೆಸರು ಕಾಣುವುದಿಲ್ಲ, ಕೈಗೆ ಅಭ್ಯಾಸವಾಗಿದೆ. ಫ್ರಿಜ್ಜಿನ ಬಾಗಿಲಿನ ಹಾಳೆ ಹಳದಿಯಾಗಿ ತಾನಾಗಿಯೇ ಸುಲಿದು ಬಿತ್ತೇ ಹೊರತು ನಾವು ಕೈ ಹಚ್ಚಲಿಲ್ಲ. ಸ್ಕೂಟರಿನ ಸೀಟಿನ ಕವರು ಬೇಸಿಗೆಯಲ್ಲಿ ತೊಡೆ ಸುಟ್ಟರೂ ಕದಲಲಿಲ್ಲ. ಬಳಸಿಯೂ ಹೊಸದಾಗಿ ಇಡುವುದೇ ಸಂಸಾರ. ಹೀಗಾಗಿ ಗ್ಲೌಸಿನ ಹಾಳೆಯನ್ನು ನಾನು ಮುಟ್ಟಲಿಲ್ಲ. ಸುಧಾ ಬೈಯುತ್ತಲೇ, ಹೊಸದನ್ನು ಹಾಗೆಯೇ ಹಾಕಬಾರದು ಎಂದು ಪಟ್ಟಿಯ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟು ಕೊಟ್ಟಳು. ನಿಖಿಲನ ಹಾಗೆ ತಾಲೀಮಿನಲ್ಲಿ ಹಾಕಿ ಕೊಳೆ ಮಾಡುವ ದುರಭ್ಯಾಸವೂ ನನಗಿಲ್ಲ. ಪಂದ್ಯದ ದಿನದವರೆಗೂ ಅದು ಡಬ್ಬಿಯಲ್ಲೇ ಇತ್ತು. ಈ ಸಲದ ಪಂದ್ಯ ವಿಶಾಖಪಟ್ಟಣದಲ್ಲಿ, ಅಲ್ಲಿಗೆ ಹೋಗುವ ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ.

ಮೈದಾನದ ಅಂಚಿನಲ್ಲಿ ಖುರ್ಚಿ ಸಿದ್ಧವಾಗಿತ್ತು. ಪ್ರಸಾದ್ ಗಾರು ಮುಂಜಾಗ್ರತೆಯ ಮನುಷ್ಯರು. ನಾನು ಅದರ ಕಡೆ ನೋಡದೆ ಗೋಲಿಗೆ ಹೋದೆ. ನಿಖಿಲನನ್ನು ಮುಂದೆ ಆಡಲು ಹಾಕಿದ್ದರು. ಸಮುದ್ರದ ಗಾಳಿ ಹಿತವಾಗಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಎದುರು ತಂಡದ ವಯಸ್ಸಾದ ಮ್ಯಾನೇಜರೊಬ್ಬರು ಯಾರಿಗೋ ಕೊಡಲು ಹೋಗಿ ತಪ್ಪಿ ಒದ್ದ ಚೆಂಡು ನನ್ನ ಎದೆಯ ಮಟ್ಟಕ್ಕೆ, ಕೈಗೆ ಇಟ್ಟ ಹಾಗೆ ಬಂತು. ಹಿಡಿದೆ. ಹಿಡಿದೆ ಎಂದುಕೊಂಡೆ. ಅದು ಬಚ್ಚಲಿನ ಸಾಬೂನಿನಂತೆ ಎರಡು ಅಂಗೈಗಳ ನಡುವಿನಿಂದ ಜಾರಿ, ಮೊಣಕಾಲಿಗೆ ಬಡಿದು, ಬಲೆಯೊಳಗೆ ಹೋಗಿ ಕೂತಿತು. ಒದ್ದವರೇ ಬಂದು ನನ್ನ ಕ್ಷಮೆ ಕೇಳಿದರು.

ನನಗೆ ದುಃಖವಾಗಲಿಲ್ಲ ಎಂದರೆ ಸುಳ್ಳು. ಆದರೆ ದುಃಖಕ್ಕಿಂತ ಹೆಚ್ಚಾಗಿ, ನೋಡಿದಿರಾ, ಹೊಸ ಗ್ಲೌಸಿನ ಯೋಗ್ಯತೆ ಇಷ್ಟೇ ಎಂಬ ಸಮಾಧಾನವಾಯಿತು. ಅರ್ಧ ಆಟ ಮುಗಿದಾಗ ಪ್ರಸಾದ್ ಗಾರು ಖುರ್ಚಿಯ ಬೆನ್ನು ಹಿಡಿದುಕೊಂಡು ನನ್ನ ಕಡೆ ಕರುಣೆಯಿಂದ ನೋಡುತ್ತಿದ್ದರು. ನಾನು ಎಲ್ಲರ ಮುಂದೆ ಗ್ಲೌಸಿನ ಕಂಪನಿಯನ್ನು ಬೈಯುತ್ತ ಅಂಗೈ ಎತ್ತಿ ತೋರಿಸಿದೆ. ನಿಖಿಲ್ ಹತ್ತಿರ ಬಂದು ನೋಡಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಸಾರ್, ಆ ಹಾಳೆ ತೆಗೆದೇ ಇಲ್ವಲ್ಲ. ಅದು ಅಂಗಡೀಲಿ ಧೂಳು ಕೂರದೆ ಇರ್ಲಿ ಅಂತ ಹಾಕಿರೋದು. ಅದರ ಕೆಳಗಿರೋ ರಬ್ಬರ್ ಹಿಡಿಯೋದು ಸಾರ್," ಎಂದ.

ಆ ಕ್ಷಣದಲ್ಲಿ ಬುದ್ಧಿಯಿದ್ದ ಯಾರೇ ಆದರೂ ಹಾಳೆಯನ್ನು ಸುಲಿದು ಬಿಸಾಡುತ್ತಿದ್ದರು. ನನಗೂ ಬುದ್ಧಿಯಿದೆ, ಆದರೆ ಖುರ್ಚಿ ಕಣ್ಣೆದುರೇ ಇತ್ತು. ಹಾಳೆ ಸುಲಿದರೆ, ಗ್ಲೌಸು ಹಾಕಲೂ ಬಾರದ ಮುದುಕ ಎಂದು ಒಪ್ಪಿಕೊಂಡಂತೆ. ಹಾಗೆ ಒಪ್ಪಿಕೊಂಡವನು ನೇರವಾಗಿ ಆ ಖುರ್ಚಿಯಲ್ಲೇ ಹೋಗಿ ಕೂರಬೇಕು. ಎಲ್ಲರಿಗೂ ಕೇಳಿಸುವಂತೆ ಹೇಳಿದೆ: "ಗೊತ್ತದ ತಮ್ಮಾ. ಹಾಳಿ ನಾನೇ ಬಿಟ್ಟೀನಿ. ಹಿಡಿಯೂದು ನಿಮ್ಮ ಕಾಲದ ಆಟ, ಗುದ್ದೂದು ನಮ್ಮದು. ಗುದ್ದಾಂವಗ ಅಂಗೈ ಯಾಕ ಬೇಕು?"

ಮಾತು ಆಡಿಯಾಗಿತ್ತು, ಇನ್ನು ಗುದ್ದಲೇಬೇಕು. ಎರಡನೆಯ ಅರ್ಧದಲ್ಲಿ ನಾನು ಒಂದು ಚೆಂಡನ್ನೂ ಹಿಡಿಯಲಿಲ್ಲ. ಮುಷ್ಟಿಯಿಂದ ಗುದ್ದಿದೆ, ಎದೆಯೊಡ್ಡಿದೆ, ಒಂದನ್ನು ಹೊಟ್ಟೆಯಲ್ಲೇ ಬರಮಾಡಿಕೊಂಡೆ. ಹೊಟ್ಟೆಯ ಬಗ್ಗೆ ಮನೆಯಲ್ಲಿ ಇಷ್ಟು ವರ್ಷ ಕೇಳಿದ ಮಾತುಗಳಿಗೆಲ್ಲ ಅಲ್ಲಿ ಉತ್ತರ ಸಿಕ್ಕಿತು. ಇನ್ನೊಂದು ಮುಖಕ್ಕೇ ಬಡಿದು ಹೊರಗೆ ಹೋಯಿತು. ಅದನ್ನು ನಾನು ತಡೆದೆನೋ ಅದು ನನ್ನನ್ನು ತಡೆಯಿತೋ ಹೇಳಲಾರೆ, ಕಣ್ಣು ಮುಚ್ಚಿತ್ತು. ಅಷ್ಟರಲ್ಲಿ ನಿಖಿಲ್ ಒಂದು ಗೋಲು ಹೊಡೆದ. ಪಂದ್ಯ ಸಮಸಮ ಆಯಿತು. ಖುರ್ಚಿಯಲ್ಲಿ ಕಡೆಗೆ ಪ್ರಸಾದ್ ಗಾರೇ ಕೂತಿದ್ದರು. ಎದ್ದು ಬಂದು ನನ್ನ ಊದಿದ ಮುಖ ನೋಡಿ, ಮುಂದಿನ ವರ್ಷವೂ ಮೀರೇ ಅಂಡಿ, ನೀವೇ, ಎಂದರು. ವಿಶಾಖಪಟ್ಟಣದ ಗೋಲ್‌ಕೀಪರ್ ಬಂದು ನನ್ನ ಅಂಗೈಯ ಹಾಳೆಯನ್ನು ಮುಟ್ಟಿ ನೋಡಿ ಇದೇನು ಹೊಸ ವಿಧಾನ ಎಂದು ವಿಚಾರಿಸಿದ. ನಿಖಿಲ್ ನಗದೆ, ಬಹಳ ಗಂಭೀರವಾಗಿ, ಗುದ್ದುವವರ ಗ್ಲೌಸು ಎಂದು ಅವನಿಗೆ ವಿವರಿಸಿದ. ಹುಡುಗ ಒಳ್ಳೆಯವನು ಎಂದು ಮೊದಲೇ ಹೇಳಿದೆನಲ್ಲ.

ಮುಂದಿನ ಭಾನುವಾರ ಸುಧಾ, ಅನಘಾ ಇಬ್ಬರೂ ಸೀರೆ ತರಲು ಮಂಗಳಗಿರಿಗೆ ಹೋದರು. ಮನೆಯಲ್ಲಿ ನಾನೊಬ್ಬನೇ. ಬಾಗಿಲು ಹಾಕಿ, ಎರಡೂ ಗ್ಲೌಸಿನ ಹಾಳೆಗಳನ್ನು ಮೆಲ್ಲಗೆ ಸುಲಿದೆ. ನಿಖಿಲನ ಹಾಗೆ ನೀರು ಚಿಮುಕಿಸಿ ಒದ್ದೆ ಮಾಡಿದೆ. ಚೆಂಡನ್ನು ಗೋಡೆಗೆ ಎಸೆದು ಹಿಡಿದೆ. ಅದು ಸದ್ದಿಲ್ಲದೆ ಅಂಗೈಯಲ್ಲಿ ನಿಂತುಬಿಟ್ಟಿತು. ಇನ್ನೂ ಜೋರಾಗಿ ಎಸೆದೆ, ಮತ್ತೆ ನಿಂತಿತು. ನೋವಿಲ್ಲ, ಜಾರುವ ಭಯವಿಲ್ಲ. ಇಂಥ ಸುಖವೊಂದು ಪ್ರಪಂಚದಲ್ಲಿತ್ತೇ ಎಂದು ಮತ್ತೆ ಮತ್ತೆ ಎಸೆದು ಹಿಡಿದೆ. ಆಮೇಲೆ ಸಿಟ್ಟು ಬಂತು. ಇಷ್ಟು ಸುಲಭವಾಗಿ ಚೆಂಡು ಹಿಡಿಯುವುದೂ ಒಂದು ಹಿಡಿಯುವುದೇ? ಇದರಲ್ಲಿ ಗೋಲ್‌ಕೀಪರನ ಕೆಲಸ ಏನು ಬಂತು?

ಅದಕ್ಕಿಂತ ಮುಖ್ಯವಾಗಿ, ಇಡೀ ಬ್ಯಾಂಕಿಗೆ ಗೊತ್ತಾಗಿರುವಂತೆ ನಾನು ಹಾಳೆ ಸಮೇತ ಆಡುವವನು. ಮುಂದಿನ ವರ್ಷವೂ ಆ ಜಾಗ ನನ್ನದೇ ಆಗಬೇಕಾದರೆ ಹಾಳೆ ಇರಲೇಬೇಕು. ಸುಲಿದ ಹಾಳೆ ನೀರು ತಾಗಿ ಮತ್ತೆ ಅಂಟಲೊಲ್ಲದು, ಮೂಲೆ ಎದ್ದು ಬರುತ್ತದೆ. ಅನಘಾಳ ಮೇಜಿನಿಂದ ಗೋಂದು ತಂದು ಸುತ್ತಲೂ ಹಚ್ಚಿ, ಹಾಳೆ ಕೂರಿಸಿ, ಗ್ಲೌಸು ಹಾಕಿಕೊಂಡು, ಅದು ಒಣಗುವವರೆಗೆ ಎರಡೂ ಅಂಗೈಗಳನ್ನು ಎದೆಯ ಮುಂದೆ ಬಿಗಿಯಾಗಿ ಒತ್ತಿ ಹಿಡಿದು ಕೂತೆ. ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ಸುಧಾ ಒಳಗೆ ಬಂದಳು. ನನ್ನನ್ನು ನೋಡಿದವಳು ಸೀರೆಯ ಚೀಲ ಕೆಳಗಿಟ್ಟು, "ಕಡೀಕ ಹೊಸ ಗ್ಲೌಸಿಗೆ ಕೈ ಮುಗದ್ರಲ್ಲಾ," ಎಂದಳು. ನಾನು ಜಗ್ಗುವವನಲ್ಲ, ತಕ್ಕ ಉತ್ತರ ಕೊಡಬಹುದಿತ್ತು. ಆದರೆ ಗೋಂದು ಇನ್ನೂ ಹಸಿಯಾಗಿತ್ತು, ಕೈ ಬಿಡುವಂತಿರಲಿಲ್ಲ.