ಡೇಟಾ ಸೆಂಟರಿನ ಸಾವಿರ ಮಂದಿಗೆ ರೊಟ್ಟಿ

"ಗೊತ್ತಿಲ್ಲ" ಎನ್ನಲು ಬಾರದಿರುವುದು ಮೇಷ್ಟ್ರುಗಳ ರೋಗ. ನಿವೃತ್ತಿಯಾದ ಮೇಲೆ ಅದು ಉಲ್ಬಣಿಸುತ್ತದೆ. ತರಗತಿಯಲ್ಲಾದರೆ ಗಂಟೆ ಹೊಡೆದು ಕಾಪಾಡುತ್ತಿತ್ತು, ಚಹಾದಂಗಡಿಯಲ್ಲಿ ಗಂಟೆ ಎಲ್ಲಿಯದು? ನಮ್ಮೂರು ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ರಸ್ತೆಯಲ್ಲಿ ಡೇಟಾ ಸೆಂಟರ್ ಬರುತ್ತದೆಂದು ಸುದ್ದಿಯಾದಾಗ ಎಲ್ಲರೂ ನನ್ನನ್ನೇ ಕೇಳಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಸುಮ್ಮನಿರುವುದುಂಟೇ? ನಾವು ಕಬ್ಬಿನ ಸೀಮೆಯವರು. ಗೋಡೆ ಎಷ್ಟು ಉದ್ದವೋ ಒಳಗೆ ಅಷ್ಟು ಮಂದಿ ಎಂಬುದು ಸಕ್ಕರೆ ಕಾರ್ಖಾನೆ ನೋಡಿ ಕಲಿತ ಲೆಕ್ಕ. ಮೀಸೆ ತೀಡಿಕೊಂಡು, "ಸಾವಿರ ಮಂದಿಗಿಂತ ಕಡಿಮಿ ಇರಾಕ ಸಾಧ್ಯನ ಇಲ್ಲ" ಎಂದುಬಿಟ್ಟೆ.

ಆ ಮಾತನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕಿತ್ತು. ಮನೆಯಲ್ಲೂ ಹೇಳಿದೆ. ಹೆಂಡತಿ ಸುವರ್ಣಾ, "ಅಷ್ಟು ಮಂದಿ ಉಣ್ಣೂದೆಲ್ಲಿರಿ?" ಎಂದಳು. ಮರುವಾರವೇ ನಮ್ಮ ಪಡಸಾಲೆಯಲ್ಲಿ ಖಡಕ್ ರೊಟ್ಟಿ ಕೇಂದ್ರ ಶುರುವಾಯಿತು. ಪಕ್ಕದ ಮನೆಯ ಮೆಹಬೂಬಿ ಗೋಕಾಕದ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬಂದು ಸೇರಿಕೊಂಡಳು. "ಸರ್ ಹೇಳ್ಯಾರಂದ್ರ ಖರೇನ ಇರ್ತೈತಿ" ಎಂದಳಂತೆ. ನನ್ನ ಮಾತನ್ನು ಇಷ್ಟು ನಂಬಿದ ಒಬ್ಬ ವಿದ್ಯಾರ್ಥಿಯೂ ನನಗೆ ಸಿಕ್ಕಿರಲಿಲ್ಲ.

ಕಟ್ಟಡ ಏಳುವವರೆಗೆ ನನ್ನ ಮರ್ಯಾದೆಯೂ ಏಳುತ್ತಲೇ ಇತ್ತು. ಗೌಂಡಿಗಳು, ವೆಲ್ಡಿಂಗಿನವರು ಎಲ್ಲರಿಗೂ ನಮ್ಮದೇ ರೊಟ್ಟಿ, ಶೇಂಗಾ ಚಟ್ನಿ. ಕೆಲಸ ಮುಗಿಯಿತು, ಅವರು ಗಂಟುಮೂಟೆ ಕಟ್ಟಿದರು. ನನ್ನ ಸಾವಿರ ಮಂದಿ ಮಾತ್ರ ಬರಲಿಲ್ಲ. ಕಾದು ಕಾದು ಕೊನೆಗೆ ನಾನೇ ಬುಟ್ಟಿ ಹಿಡಿದು ಗೇಟಿಗೆ ಹೋದೆ. ಕಾವಲುಗಾರ ಕನಿಕರದಿಂದ, "ಒಳಗ ಬರೇ ಮಷೀನ್ ಅದಾವ್ರಿ ಸರ್. ಮಂದಿ ಅಂದ್ರ ನನ್ನ ಹಿಡದು ಇಪ್ಪತ್ತು. ಅದರಾಗ ಇಬ್ಬರು ಡಯಟ್ ಮಾಡಾಕತ್ತಾರ" ಎಂದ.

ತುಂಬಿದ ಬುಟ್ಟಿಯನ್ನೇ ಹೊತ್ತು ಮನೆಗೆ ಹೊರಟೆ. ಮೆಹಬೂಬಿ ಬಿಟ್ಟ ಕೆಲಸಕ್ಕೆ ಆಗಲೇ ಬೇರೊಬ್ಬರು ಬಂದಾಗಿತ್ತು. ನನ್ನ ಬಾಯಿಚಪಲಕ್ಕೆ ಅವಳ ಅನ್ನ ಹೋಯಿತಲ್ಲ ಎಂದು ನಾಚಿಕೆಯಾಯಿತು. ಮನೆಯಲ್ಲಿ ಇಬ್ಬರೂ ರೊಟ್ಟಿ ಜೋಡಿಸುತ್ತಿದ್ದರು. ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ.

ಮೆಹಬೂಬಿ ನಕ್ಕಳು. "ನಮಗ ಹೋದ ವರ್ಷನ ಗೊತ್ತಾತ್ರಿ ಸರ್, ವೆಲ್ಡಿಂಗ್ ಮಂದಿ ಹೇಳಿದ್ರು. ನಿಮಗ ಬ್ಯಾಸರ ಆಗಬಾರದಂತ ಸುಮ್ಮನಿದ್ವಿ."

"ನಿಮ್ಮ ಸಾವಿರ ಮಂದಿ ಬರಲಿಲ್ಲ ಖರೆ, ರಸ್ತಾ ಬಂತಲ್ರಿ" ಎಂದಳು ಸುವರ್ಣಾ.

ಸಂಗತಿ ಇಷ್ಟೇ. ಆ ಭಾರಿ ಯಂತ್ರಗಳನ್ನು ತರಲೆಂದು ಗೋಕಾಕದವರೆಗಿನ ರಸ್ತೆಗೆ ಹೊಸ ಡಾಂಬರು ಬಿದ್ದಿತ್ತು, ಅಲ್ಲಿಂದ ಮುಂದೆ ಹುಕ್ಕೇರಿಗೆ ಮೊದಲೇ ಒಳ್ಳೆಯ ರಸ್ತೆಯಿತ್ತು. ಮೊದಲೆಲ್ಲ ಹುಕ್ಕೇರಿಗೆ ಕಳಿಸಿದ ಖಡಕ್ ರೊಟ್ಟಿ ಅಲ್ಲಿ ಚೂರಾಗಿ ಇಳಿಯುತ್ತಿತ್ತು, ಈಗ ಇಡಿಯಾಗಿ ಇಳಿಯುತ್ತದೆ. ಅಲ್ಲಿಯ ಎರಡು ಹಾಸ್ಟೆಲಿನವರು ದಿನಾ ರೊಟ್ಟಿ ಬೇಕೆಂದು ಆಗಲೇ ಹೇಳಿದ್ದರು. ತಲುಪಿಸಲು ಮಾತ್ರ ಒಬ್ಬ ಆಳು ಬೇಕಾಗಿತ್ತು.

ಆ ಆಳು ನಾನು. ಬೆಳಿಗ್ಗೆ ಟಂಟಂ ಗಾಡಿಯಲ್ಲಿ ರೊಟ್ಟಿಯ ರಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಹೊರಡುತ್ತೇನೆ. ಪಗಾರವಿಲ್ಲ, ದಾರಿಯಲ್ಲಿ ಒಡೆದ ರೊಟ್ಟಿ ನನ್ನದು ಎಂದು ಕರಾರು. ಆದರೆ ಹಾಳಾದ ರಸ್ತೆ ಎಷ್ಟು ಚೆನ್ನಾಗಿದೆಯೆಂದರೆ ಒಂದೂ ಒಡೆಯುವುದಿಲ್ಲ. ಗೋಕಾಕ ದಾಟಿದ ಮೇಲೆ, ಡ್ರೈವರ್ ಅತ್ತ ನೋಡುವಾಗ, ನಾನೇ ಒಂದೆರಡನ್ನು ಮೆಲ್ಲಗೆ ಮೊಣಕೈಯಿಂದ ಒತ್ತುತ್ತೇನೆ.