ಫ್ರಾನ್ಸಿನ ರಾಜರ ಕೈಗುಣ, ನನ್ನ ಕೈಗುಣ

ಹೊಗಳಿಕೆ ಹಲಸಿನ ಹಣ್ಣಿನ ಹಾಗೆ. ತಿನ್ನುವಾಗ ಎಷ್ಟು ತಿಂದೆವೆಂದು ಗೊತ್ತಾಗುವುದಿಲ್ಲ, ಆಮೇಲೆ ಹೊಟ್ಟೆ ಹೇಳುತ್ತದೆ. ನನಗೆ ಹಾಗೆ ಅಜೀರ್ಣವಾದದ್ದು ಫ್ರಾನ್ಸಿನ ರಾಜರಿಂದ ಎಂದರೆ ನೀವು ನಗಬಾರದು. ಮುಂಬಯಿ ಪಕ್ಕದ ಸಾನಪಾಡಾದ ಎರಡು ಕೋಣೆಯ ಮನೆಯಲ್ಲಿ ಗಂಡ, ಮಗಳು, ಅತ್ತೆಯ ಜೊತೆ ದೇವರ ದಯೆಯಿಂದ ಸುಖವಾಗಿರುವ ನನಗೆ ಆ ರಾಜರ ಗೊಡವೆ ಏಕೆ? ಮಗಳು ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ. ತರಗತಿಯಲ್ಲಿ ಅವರ ಬಗ್ಗೆ ಮಾತಾಡಬೇಕಂತೆ. ನಾನು ಬಸಳೆ ಹೆಚ್ಚುತ್ತ ಕೂತರೆ ಎದುರು ನಿಂತು ಅಭ್ಯಾಸ ಮಾಡುತ್ತಾಳೆ.

"ಮಮ್ಮಿ, ಸಬ್ ಕೇ ಸಬ್ ಲೂಯಿ!" ಎಂದು ನಕ್ಕಳು. ರಾಜರಿಗೆಲ್ಲ ಒಂದೇ ಹೆಸರಾದರೆ ಅದರಲ್ಲಿ ನಗುವುದೇನು? ನಮ್ಮ ಊರಿನ ಮನೆಯಲ್ಲೂ ಅಜ್ಜನ ಹೆಸರೇ ಮೊಮ್ಮಕ್ಕಳಿಗೆಲ್ಲ. ‘ಮಂಜುನಾಥಾ’ ಎಂದರೆ ಐದು ಜನ ಎದ್ದು ಬರುತ್ತಾರೆ. ನಾವು ನಂಬರ್ ಹಾಕಲಿಲ್ಲ, ಅಷ್ಟೇ. ಹದಿನಾಲ್ಕನೆಯ ಲೂಯಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಸಿಂಹಾಸನ ಬಿಡಲೇ ಇಲ್ಲವಂತೆ. ಮಗ, ಮೊಮ್ಮಗ ಕಾದು ಕಾದು ತೀರಿಕೊಂಡು, ಕೊನೆಗೆ ಮರಿಮಗನಿಗೆ ಪಟ್ಟವಾಯಿತಂತೆ. ಇದನ್ನು ಕೇಳಿ ಮಂಚದ ಮೇಲಿದ್ದ ನಮ್ಮ ಅತ್ತೆ, "ನಾನು ಎಷ್ಟು ಒಳ್ಳೆಯವಳು ನೋಡು, ಇರುವಾಗಲೇ ನಿನಗೆ ಬಿಟ್ಟುಕೊಟ್ಟೆ" ಎಂದರು. ಬಿಟ್ಟುಕೊಟ್ಟದ್ದು ದೃಷ್ಟಿ ತೆಗೆಯುವ ಕೆಲಸ. ನಮ್ಮ ಬಿಲ್ಡಿಂಗಿನ ಅಳುವ ಮಕ್ಕಳೆಲ್ಲ ಮೊದಲು ಅವರ ಬಳಿಗೇ ಬರುತ್ತಿದ್ದವು. ಮಂಡಿನೋವು ಶುರುವಾದ ಮೇಲೆ ಉಪ್ಪು, ಒಣಮೆಣಸಿನ ತಟ್ಟೆ ನನ್ನ ಕೈಗೆ ಬಂತು.

ಮಗಳು ಮುಂದೆ ಓದಿದಳು. ಆ ರಾಜರು ಕುತ್ತಿಗೆಯಲ್ಲಿ ಗಂಟು ಎದ್ದ ರೋಗಿಗಳನ್ನು ಸಾಲಾಗಿ ಕೂರಿಸಿ ಮುಟ್ಟುತ್ತಿದ್ದರಂತೆ. ಮುಟ್ಟುವುದು ರಾಜ, ಗುಣಪಡಿಸುವುದು ದೇವರು ಎಂಬ ನಂಬಿಕೆ. ಆ ಮರಿಮಗ ಹದಿನೈದನೆಯ ಲೂಯಿ ಮಾತ್ರ ಹೆಂಗಸರ ಸಹವಾಸಕ್ಕೆ ಬಿದ್ದು, ದೇವರೆದುರು ಪಾಪ ಒಪ್ಪಿಕೊಳ್ಳಲಾರದೆ ಮುಟ್ಟುವುದನ್ನೇ ಬಿಟ್ಟನಂತೆ. ಸರಿಯಾಯಿತು! ಮಡಿಯಿಲ್ಲದ ಕೈಗೆ ದೇವರು ಒಲಿಯುತ್ತಾನೆಯೇ? ನಾನಾದರೋ ಸ್ನಾನವಾಗದೆ ಒಲೆ ಹಚ್ಚಿದವಳಲ್ಲ. "ಫಿರ್ ತೋ ಮಮ್ಮಿ, ತೂ ಭೀ ರಾಜಾ!" ಎಂದು ಮಗಳು ಕೆಣಕಿದಳು. "ಹೋಗೇ" ಎಂದೆ. ಆದರೆ ತಲೆಯ ಮೇಲೆ ಕಿರೀಟ ಕೂತಾಗಿತ್ತು.

ಸಂಜೆ ಸಿದ್ದಮ್ಮ ಓಡಿಬಂದಳು. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಕೆಲಸಕ್ಕೆ ಕಲಬುರಗಿಯಿಂದ ಬಂದವಳು. ಸೊಂಟದ ಮೇಲೆ ಕೂಸು ಕಿರಿಚುತ್ತಿತ್ತು. "ಅಕ್ಕಾರ, ಮುಂಜಾನಿಂದ ಹಾಲೇ ಕುಡಿವಲ್ದ್ರೀ. ಯಾರ್ ಕಣ್ ಬಿತ್ತೋ ಏನೋ!" ಅವಳ ಕಣ್ಣಲ್ಲೂ ನೀರು. ನಾನು ಸೆರಗು ಬಿಗಿದು, ಅವಸರವಿಲ್ಲದೆ, ರಾಜಗಾಂಭೀರ್ಯದಿಂದ ಮೆಣಸು ನಿವಾಳಿಸಿ ಬೆಂಕಿಗೆ ಹಾಕಿದೆ. ಘಾಟೇ ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ದೊಡ್ಡದೆಂದೇ ಲೆಕ್ಕ. "ನೋಡಿದೆಯಾ!" ಎಂದೆ. ದೃಷ್ಟಿ ಹೋಯಿತೋ ಏನೋ, ಅಳು ಇಮ್ಮಡಿಯಾಯಿತು. ಇನ್ನೊಮ್ಮೆ ನಿವಾಳಿಸಿದೆ. ಕೂಸು ಉಸಿರು ಕಟ್ಟಿ ಅತ್ತಿತು. ಮನಸ್ಸಿನಲ್ಲೇ ಕೃಷ್ಣನನ್ನು ಕರೆದೆ.

ಓಗೊಟ್ಟವರು ಮಂಚದ ಮೇಲಿನ ಅತ್ತೆ. "ಆ ಮೆಣಸನ್ನು ನಾಳೆ ಸಾರಿಗಾದರೂ ಉಳಿಸು ಮಾರಾಯ್ತಿ. ಮೊದಲು ಮಗುವಿನ ಅಂಗಿ ಬಿಚ್ಚು."

ಬಿಚ್ಚಿದೆವು. ಕೂಸು ಗುಂಡಗೆ ಬೆಳೆದಿತ್ತು, ತಾಯಿಯ ಪುಣ್ಯ. ಸೊಂಟದ ಉಡಿದಾರ ಮಾತ್ರ ಬೆಳೆದಿರಲಿಲ್ಲ. ಹೊಟ್ಟೆಯ ಮಡಿಕೆಯೊಳಗೆ ಹೂತು ಕೆಂಪು ಬರೆ ಎದ್ದಿತ್ತು. ಕತ್ತರಿ ತಂದು ದಾರ ತುಂಡರಿಸಿದೆ. ಕೂಸು ಬಿಕ್ಕಿ ಬಿಕ್ಕಿ ಸುಮ್ಮನಾಗಿ, ತಾಯಿಯ ಎದೆ ಹುಡುಕಿತು.

"ಏನ್ ಕೈಗುಣರೀ ಅಕ್ಕಾರ ನಿಮ್ದು!" ಎಂದು ಸಿದ್ದಮ್ಮ ನನ್ನ ಕಾಲು ಮುಟ್ಟಿದಳು. "ಎಲ್ಲ ದೇವರ ದಯೆ" ಎಂದೆ. ಅತ್ತೆ ಜೋರಾಗಿ ಕೆಮ್ಮಿದರು. "ಅತ್ತೆಯದೂ" ಎಂದು ಸೇರಿಸಿದೆ, ತುಸು ಮೆಲ್ಲಗೆ.

ಮರುದಿನ ಅವಳು ಇನ್ನಿಬ್ಬರು ತಾಯಂದಿರನ್ನು ಕರೆತಂದಳು. ತಟ್ಟೆ ತುಂಬ ಉಪ್ಪು, ಮೆಣಸು ಹಿಡಿದು ಕೂತೆ. ಸೆರಗಿನಡಿ ಕತ್ತರಿ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಆಮೇಲೆಯೇ ಭಕ್ತಿಯಿಂದ ಕಣ್ಣು ಮುಚ್ಚಿದೆ.