ಬೀರುವಿನ ಬೆನ್ನ ಮೇಲಿನ ಹೆಸರು

ಫಿಯೊರೆಂಜೊನ ಎರಡನೆಯ ಮದುವೆಗೆ ಅಡ್ಡ ನಿಂತದ್ದು ಅವನ ತಾಯಿಯ ಬಟ್ಟೆ ಬೀರು. ತಾಯಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಬೀರು ಮಾತ್ರ ಮಲಗುವ ಕೋಣೆಯ ಒಂದು ಗೋಡೆಯನ್ನು ಪೂರ್ತಿ ನುಂಗಿಕೊಂಡು ಅತ್ತೆಯ ಗತ್ತಿನಲ್ಲಿ ನಿಂತಿತ್ತು. ಔಷಧಿ ಅಂಗಡಿಯ ಒರ್ನೆಲ್ಲಾ ಖಡಾಖಂಡಿತವಾಗಿ ಹೇಳಿದ್ದಳು: "ನನ್ನ ಕನ್ನಡಿ ಬೀರು ಬಿಟ್ಟು ನಾನು ಬರಲ್ಲ. ಶನಿವಾರ ಐದು ಗಂಟೆಗೆ ಪೆಟ್ಟಿಗೆ ಸಮೇತ ಬರ್ತೀನಿ. ಅಷ್ಟರಲ್ಲಿ ಅದು ಹೋಗಿರ್ಬೇಕು."

ಪುಣ್ಯಕ್ಕೆ ಮಿಲಾನಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಫೋಟೊ ನೋಡಿ, ಶನಿವಾರ ನಾಲ್ಕಕ್ಕೆ ವ್ಯಾನು ತರುತ್ತೇನೆಂದ. ಐವತ್ತರ ದಶಕದ ಹೆಸರಾಂತ ವಾಸ್ತುಶಿಲ್ಪಿಯೊಬ್ಬ ನಕ್ಷೆ ಬರೆದ ಆಕ್ರೋಟು ಮರದ ಬೀರುವಂತೆ ಅದು. ಬಡಗಿಗಳ ಊರಾದ ಕಂತೂವಿನಲ್ಲಿ ಹುಟ್ಟಿಯೂ ಜೀವಮಾನವಿಡೀ ಬಸ್ಸು ಓಡಿಸಿದ ಫಿಯೊರೆಂಜೊನಿಗೆ ಮರವೆಂದರೆ ಮರ. ಅದರ ಬಾಗಿಲು ಇಪ್ಪತ್ತು ವರ್ಷದಿಂದ ಸರಿಯಾಗಿ ಮುಚ್ಚುತ್ತಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಿದ್ದ ವಿಷಯ.

ಶನಿವಾರ ಬೆಳಿಗ್ಗೆ ಕೆಳಮನೆಯ ತೆರೆಸೀನಾ ಸಕ್ಕರೆ ಕೇಳುವ ನೆಪದಲ್ಲಿ ಬಂದು, ಕಾಫಿ ಕುಡಿದು, ಅವನ ತಲೆಯಲ್ಲಿ ಹುಳ ಬಿಟ್ಟಳು.

"ಮಿಲಾನಿನೋರು ಸುಮ್ಸುಮ್ನೆ ಇಷ್ಟು ದೂರ ಬರ್ತಾರಾ? ಅದರಲ್ಲಿ ಏನೋ ಇದೆ ಕಣಪ್ಪ."

"ನಮ್ಮಮ್ಮನ ಕೋಟು ಇತ್ತು. ಅದನ್ನೂ ತೆಗೆದಿಟ್ಟಿದೀನಿ."

"ಒಳಗಡೆ ಬಿಡು. ಹಿಂದಗಡೆ ನೋಡಿದೀಯಾ?"

ನೋಡಿರಲಿಲ್ಲ. ಇಬ್ಬರೂ ಸೇರಿ ಬೀರುವನ್ನು ಗೋಡೆಯಿಂದ ಎಳೆದರು. ಬೆನ್ನಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ಇನೆಸ್, ನಿನಗಾಗಿ. ಆಂಬ್ರೋಜೊ, 1957.'

ಇನೆಸ್ ಎಂದರೆ ಫಿಯೊರೆಂಜೊನ ತಾಯಿ. ಆಂಬ್ರೋಜೊ ಎಂದರೆ ಅಂಗಳದಾಚೆ ಮನೆಯ ಮುದಿ ಬಡಗಿ, ಊರಿಗೆಲ್ಲ ಮೇಸ್ತ್ರಿ. ಮದುವೆಗೆ ಮುಂಚೆ ಇನೆಸ್ ಅವನ ಕಾರ್ಖಾನೆಯಲ್ಲಿ ಪಾಲಿಶ್ ಉಜ್ಜುತ್ತಿದ್ದಳು. ಬೀರು ಅಲ್ಲಿಂದಲೇ ಬಂದ ಮದುವೆಯ ಉಡುಗೊರೆ.

ತೆರೆಸೀನಾ ಬೆರಳು ಮಡಚಿ ಎಣಿಸತೊಡಗಿದಳು. "ನೀನು ಹುಟ್ಟಿದ್ದು ಐವತ್ತೆಂಟು ಅಲ್ವಾ?"

"ತೆರೆಸೀನಾ ಅವ್ರೆ, ಸಕ್ಕರೆ ತಗೊಂಡು ಹೊರಡಿ."

ಅವಳು ಸಕ್ಕರೆ ಮರೆತು ಹೊರಟಳು, ಅದೂ ಅಂಗಳದಾಚೆಗೆ. ಫಿಯೊರೆಂಜೊ ಕನ್ನಡಿಯಲ್ಲಿ ಮೂಗು ನೋಡಿಕೊಂಡ. ಈ ಕಡೆಯಿಂದ ನೋಡಿದರೆ ಅಪ್ಪನದು, ಆ ಕಡೆಯಿಂದ ನೋಡಿದರೆ ಮೇಸ್ತ್ರಿಯದು. ಸತ್ತ ತಾಯಿಯ ಮಾನ ಮಿಲಾನಿನವರ ಬಾಯಿಗೆ ಬೀಳುವುದು ಬೇಡವೆಂದು ಉಪ್ಪು ಕಾಗದ ಹಿಡಿದು, ಬೆವರಿಳಿಯುವಂತೆ ಉಜ್ಜಿ, ಅಕ್ಷರಗಳನ್ನು ಅಳಿಸಿಯೇಬಿಟ್ಟ.

ನಾಲ್ಕಕ್ಕೆ ಬಂದ ವ್ಯಾಪಾರಿ ಬೀರುವಿನ ಮುಖ ಕೂಡ ನೋಡಲಿಲ್ಲ. ಟಾರ್ಚು ಹಿಡಿದು ನೆಟ್ಟಗೆ ಹಿಂದಕ್ಕೆ ಹೋದ.

"ಬರಹ ಎಲ್ಲಿ?"

"ಯಾವ ಬರಹ?"

"ಈ ನಕ್ಷೆ ಕದಿಯದ ಬಡಗಿ ನಿಮ್ಮೂರಲ್ಲಿ ಇಲ್ಲ. ಅಸಲಿ ಇರೋದು ಆರೇ ಆರು. ಮಾಡಿದೋನು ಪ್ರತಿಯೊಂದರ ಬೆನ್ನಿಗೂ 'ಇನೆಸ್, ನಿನಗಾಗಿ' ಅಂತ ಬರೆದಿದ್ದಾನೆ. ಐದನ್ನ ನಾನೇ ಕಂಡಿದೀನಿ." ಹಲಗೆ ಸವರಿ, ಬೆರಳಿಗಂಟಿದ ಪುಡಿ ನೋಡಿದ. "ಇಲ್ಲಿ ಯಾರ ಹೆಸರು ಉಜ್ಜಿದ್ರಿ? ನಕಲಿ ಮಾಡಿದೋನದಾ?"

ಫಿಯೊರೆಂಜೊನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಡಪಾಯಿ ಮೇಸ್ತ್ರಿ ಎದುರಿಗಿದ್ದವಳಿಗೆ ಹೇಳಲಾರದೆ, ಊರೂರಿನ ಶ್ರೀಮಂತರ ಗೋಡೆಗಳಿಗೆ ಹೇಳಿಕೊಂಡಿದ್ದ. ತಾಯಿಯದೇನೂ ತಪ್ಪಿರಲಿಲ್ಲ. ತಪ್ಪೆಲ್ಲ ಉಪ್ಪು ಕಾಗದದ್ದು.

"ಮಾಡಿದೋರು ಇನ್ನೂ ಇದಾರೆ, ಒಂದು ನಿಮಿಷ" ಎಂದು ಅಂಗಳ ದಾಟಿ ಓಡಿದ.

"ಮೇಸ್ತ್ರಿಗಳೆ, ಬೀರು ನಿಮ್ಮದೇ ಅಂತ ಹೇಳಿ, ಆ ಸಾಲನ್ನ ಇನ್ನೊಂದ್ಸಲ ಬರೆದುಬಿಡಿ. ನಿಮ್ಮ ಕಾಲು ಹಿಡೀತೀನಿ."

"ಅದಕ್ಕೇನಂತೆ, ಬಾ. ಆ ಸಾಲು ಮರೆಯೋಂಥದ್ದಲ್ಲ" ಎಂದ ಮೇಸ್ತ್ರಿಯ ಕಣ್ಣು ಒದ್ದೆಯಾಗಿತ್ತು. ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಹುಡುಗನ ಹಾಗೆ ಮೆಟ್ಟಿಲು ಹತ್ತಿದ. ಹಿಂದೆಯೇ ಅವನ ಹೆಂಡತಿ ಪಿಯೆರಾ ಹತ್ತಿದಳು. ಅವಳ ಹಿಂದೆ ತೆರೆಸೀನಾ.

"ಇದು ನೀವು ಮಾಡಿದ್ದಾದ್ರೆ," ಎಂದ ವ್ಯಾಪಾರಿ, "ಹಿಂದೆ ಏನು ಬರೆದಿದ್ರಿ ಹೇಳಿ."

ಮೇಸ್ತ್ರಿ ಬಾಯಿ ತೆರೆದ.

"ಹೇಳಿ, ಹೇಳಿ," ಎಂದಳು ಪಿಯೆರಾ ಕೈಕಟ್ಟಿಕೊಂಡು. "ನಾನೂ ಕೇಳ್ತೀನಿ. ಮದುವೆಯಾಗಿ ಐವತ್ತೈದು ವರ್ಷ ಆಯ್ತು, ನನಗೆ ಒಂದು ಮಣೆ ಮೇಲೂ ಏನೂ ಬರೆದುಕೊಟ್ಟಿಲ್ಲ ನೀವು."

ಮೇಸ್ತ್ರಿ ತೆರೆದ ಬಾಯಿ ಮುಚ್ಚಿದ. ಆಮೇಲೆ ಬೀರುವನ್ನು ಮೊದಲ ಸಲ ಕಾಣುವವನಂತೆ ನೋಡಿದ.

"ಇದು ನನ್ನದಲ್ಲ. ಯಾರೋ ಕಲಿಯೋರ ಕೆಲಸ."

ವ್ಯಾಪಾರಿ ಟಾರ್ಚು ಆರಿಸಿ ಮೆಟ್ಟಿಲಿಳಿದ. ಅವನು ತಿರುವು ದಾಟುತ್ತಲೇ ಮೇಸ್ತ್ರಿಯ ಕೈ ತಾನಾಗಿ ಬೀರುವಿನ ಬಾಗಿಲಿಗೆ ಹೋಯಿತು. ಹೆಬ್ಬೆರಳಿಂದ ಕೀಲನ್ನು ಎಲ್ಲೋ ಒತ್ತಿ, ಬಾಗಿಲನ್ನು ಚೂರು ಎತ್ತಿ ಬಿಟ್ಟ. ಅದು ಸದ್ದಿಲ್ಲದೆ ಮುಚ್ಚಿಕೊಂಡಿತು.

"ನಿಮ್ಮದಲ್ಲ ಅಲ್ವಾ?" ಎಂದಳು ಪಿಯೆರಾ. "ಮನೆಗೆ ನಡೀರಿ."

ಐದಕ್ಕೆ ಸರಿಯಾಗಿ ಒರ್ನೆಲ್ಲಾ ಬಂದಳು. ತೆರೆಸೀನಾ ಮೆಟ್ಟಿಲಲ್ಲೇ ಅವಳನ್ನು ಹಿಡಿದು ಕತೆಯೆಲ್ಲ ಒಪ್ಪಿಸಿದ್ದಳು. ಒರ್ನೆಲ್ಲಾ ನೆಲದ ಮೇಲಿನ ಮರದ ಪುಡಿಯನ್ನು ನೋಡುತ್ತ ನಿಂತಳು.

"ಇನ್ನೊಂದು ವಾರ ಕೊಡು," ಎಂದ ಫಿಯೊರೆಂಜೊ. "ಹೇಗಾದ್ರೂ ಮಾಡಿ ಇದನ್ನ ಸಾಗಹಾಕ್ತೀನಿ."

"ಬೀರು ಇರ್ಲಿ ಬಿಡಿ. ಕೆಳಮನೆಯವಳ ಒಂದು ಮಾತಿಗೆ ಹೆತ್ತ ತಾಯಿ ಹೆಸರನ್ನೇ ಉಜ್ಜಿ ಹಾಕಿದೋರು ನೀವು. ನನ್ನ ಹೆಸರು ಈ ಮನೇಲಿ ಎಷ್ಟು ದಿನ ಉಳಿಯುತ್ತೆ?"

ಪೆಟ್ಟಿಗೆಗಳು ಬಂದ ದಾರಿಯಲ್ಲೇ ಇಳಿದು ಹೋದವು. ಫಿಯೊರೆಂಜೊ ಬೀರುವನ್ನು ಒಬ್ಬನೇ ಗೋಡೆಗೆ ತಳ್ಳಿ, ತಾಯಿಯ ಕೋಟನ್ನು ಮತ್ತೆ ಒಳಗೆ ನೇತುಹಾಕಿದ. ಬಾಗಿಲು ಮಾತ್ರ ಈಗ ಬಹಳ ಚೆನ್ನಾಗಿ ಮುಚ್ಚುತ್ತಿತ್ತು.